ಬೇವಿನ ಕೆಳಗಿನ ತಖ್ತ

ಹುಮನಾಬಾದಿನ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಮಾತಾಡುವ ಪದ್ಧತಿ ಇರಲಿಲ್ಲ. ನಮ್ಮ ಮನೆಯಲ್ಲಷ್ಟೇ ಅಲ್ಲ, ಆ ಓಣಿಯ ಯಾವ ಮನೆಯಲ್ಲೂ ಇರಲಿಲ್ಲ. ನಾನು ಕಲ್ಯಾಣದಿಂದ ಸೊಸೆಯಾಗಿ ಬಂದು ವರ್ಷಗಳೇ ಆಗಿದ್ದರೂ ಬೆಳಕಿನಲ್ಲಿ ನನ್ನವರ ಮುಖವನ್ನು ಸರಿಯಾಗಿ ನೋಡಿದ್ದೇ ಕಡಿಮೆ. ಅವರಿಗೆ ನೀರಡಿಕೆಯಾದರೆ, ನಾನು ತಂಬಿಗೆ ಹಿಡಿದುಕೊಂಡು ಎದುರಿಗೇ ನಿಂತಿದ್ದರೂ, ಅತ್ತೆಯ ಕಡೆ ತಿರುಗಿ, "ಅವ್ವಾ, ನೀರು ಬೇಕಾಗ್ಯಾವ" ಎನ್ನುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ, "ನೀರು ಬೇಕಂತ" ಎನ್ನುತ್ತಿದ್ದರು. ತಂಬಿಗೆ ನನ್ನ ಕೈಯಿಂದ ಅತ್ತೆಯ ಕೈಗೆ, ಅಲ್ಲಿಂದ ಅವರ ಕೈಗೆ ಹೋಗುತ್ತಿತ್ತು. ಇದರಲ್ಲಿ ನಮಗ್ಯಾರಿಗೂ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು ಇದು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ನಾವು ಮೂವರೇ. ನನ್ನವರು ಬಾಜಾರದಲ್ಲಿ ಜೋಳ ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಗಾಗುತ್ತಲೇ ಹೋಗಿ ದೀಪ ಹಚ್ಚುವ ಹೊತ್ತಿಗೆ ಮೈಮೇಲೆಲ್ಲ ಜೋಳದ ಧೂಳು ಹೊತ್ತುಕೊಂಡು ಬರುತ್ತಿದ್ದರು. ಅವರು ಬಾಗಿಲಿಗೆ ಬಂದರೆ ಹೊಸ ಗೋಣಿಚೀಲದ ವಾಸನೆ ಮೊದಲು ಒಳಗೆ ಬರುತ್ತಿತ್ತು.

ಆ ವರ್ಷ ಬೇಸಿಗೆಗೆ ಮುಂಚೆ ಅವರಿಗೆ ಮುದ್ದತಿನ ಜ್ವರ ಬಂತು. ವಾರಗಟ್ಟಲೆ ಬಿಡದೆ ಕಾಯುವ ಜ್ವರ ಅದು. ತಲೆಯ ಕೂದಲೆಲ್ಲ ಉದುರಿ, ಕುತ್ತಿಗೆ ಸಣ್ಣಗಾಗಿ, ಜ್ವರ ಇಳಿಯುವ ಹೊತ್ತಿಗೆ ಅವರು ಯಾವುದೋ ಬೇರೆ ಊರಿನಿಂದ ಬಂದ ಹುಡುಗನ ಹಾಗೆ ಕಾಣುತ್ತಿದ್ದರು. ಹಕೀಮರು ನಾಡಿ ಹಿಡಿದು ನೋಡಿ ಅತ್ತೆಗೆ ಹೇಳಿದರು: "ಇನ್ನ ಒಳಗ ಮಲಗಸಬ್ಯಾಡ್ರಿ. ಗಾಳಿ ಬೆಳಕಿನ್ಯಾಗ ಕೂಡಸ್ರಿ. ಕೆಲಸಕ್ಕ ಮಾತ್ರ ಮಳಿಗಾಲದ ತನಕ ಕಳಸಬ್ಯಾಡ್ರಿ."

ಹೀಗಾಗಿ ಅವರು ಹಿತ್ತಲಿಗೆ ಬಂದರು. ಹಿತ್ತಲಲ್ಲಿ ಒಂದು ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಒಂದು ತಖ್ತ. ಇಬ್ಬರು ಕಾಲು ಚಾಚಿ ಮಲಗುವಷ್ಟು ಅಗಲದ, ಹಲಗೆ ಹಾಸಿದ ಸಾಗವಾನಿಯ ಮಂಚ. ಅತ್ತೆಯ ತವರು ಘಾಟಬೋರಾಳದಿಂದ ಅವರ ಮದುವೆಯಲ್ಲಿ ಬಂದದ್ದು. ಒಂದಾನೊಂದು ಕಾಲಕ್ಕೆ ಒಳ್ಳೆಯ ಮಂಚವೇ ಇದ್ದಿರಬೇಕು. ಈಗ ಬಿಸಿಲು ಮಳೆ ತಿಂದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಲಗೆಗಳು ಬಾಯಿ ಬಿಟ್ಟಿದ್ದವು. ಒಂದು ಕಾಲನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು; ಅದರ ಬದಲು ಕಲ್ಲು ಪೇರಿಸಿಟ್ಟಿದ್ದರು. ಮೇಲೆ ಕುಳಿತರೆ ಹಡಗಿನ ಹಾಗೆ ಒಂದು ಕಡೆ ವಾಲುತ್ತಿತ್ತು. ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿಸಿದಂತೆ, ಮಾವನವರ ದೊಡ್ಡ ಆರಾಮ ಕುರ್ಚಿ. ಅದೂ ಮಳೆಯಲ್ಲೇ ಬಿದ್ದಿತ್ತು. ಬೆತ್ತದ ಹಾಸು ಹರಿದು ಜೋಲುತ್ತಿತ್ತು. ಅದನ್ನು ಯಾಕೆ ಹೊರಗಿಟ್ಟಿದ್ದಾರೆಂದು ಕೇಳುವ ಧೈರ್ಯ ನನಗೆ ಯಾವತ್ತೂ ಆಗಿರಲಿಲ್ಲ.

ಮೊದಲ ದಿನಗಳಲ್ಲಿ ನನ್ನವರು ಆ ವಾಲುವ ತಖ್ತದ ಮೇಲೆ ಕುಳಿತು ಬೇವಿನ ಹೂ ಉದುರುವುದನ್ನೇ ನೋಡುತ್ತಿದ್ದರು. ಹೂ ಅವರ ಬೋಳು ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿತ್ತು. ನಾನು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದೆ. ಒಲೆಯ ಹೊಗೆಯ ಆಚೆ, ಬಿಳಿ ಬಿಸಿಲಿನಲ್ಲಿ, ಹೂ ಮೆತ್ತಿಕೊಂಡ ಆ ಮನುಷ್ಯ ಕಂಡಾಗ ಇವರು ಜ್ವರದಿಂದ ಪೂರ್ತಿ ಹೊರಗೆ ಬಂದಿಲ್ಲ, ಅರ್ಧ ಇನ್ನೂ ಅಲ್ಲೇ ಇದ್ದಾರೆ ಅನಿಸುತ್ತಿತ್ತು. ಅನ್ನ ಬೇಡ, ಮಾತು ಬೇಡ, ಬರೀ ಹಲಗೆಯ ಸಂದಿನಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಎದ್ದು ತಖ್ತದ ಸುತ್ತ ನಡೆದರು. ಕೂತು ಕೆಳಗೆ ಬಗ್ಗಿ ನೋಡಿದರು. ಆಮೇಲೆ ಅತ್ತೆಯನ್ನು ಕರೆದು, "ಅವ್ವಾ, ಇದನ್ನ ರಿಪೇರಿ ಮಾಡ್ಲೇನು?" ಎಂದರು.

"ನಿನಗೇನು ಬರ್ತದಪ್ಪಾ ಬಡಗಿ ಕೆಲಸ?" ಅಂದರು ಅತ್ತೆ. "ಸುಮ್ಮ ಕುಂದ್ರು. ಹಕೀಮ್ರು ಏನು ಹೇಳ್ಯಾರ?"

"ಗಾಳಿ ಬೆಳಕಿನ್ಯಾಗ ಇರಂತ ಹೇಳ್ಯಾರ. ಕೈ ಕಟ್ಕೊಂಡ್ ಕುಂದ್ರಂತ ಹೇಳಿಲ್ಲ."

ಜ್ವರ ಬಂದ ಮೇಲೆ ಮಗ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅತ್ತೆ ಬೇಡ ಅನ್ನಲಿಲ್ಲ.

ನಮ್ಮ ಹಿತ್ತಲ ಗೋಡೆಯ ಆಚೆ, ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮುಸಲ್ಮಾನರ ಹೆಂಗಸೊಬ್ಬರು ಇದ್ದರು. ಅವರ ಗಂಡ ಬಡಗಿಯಾಗಿದ್ದವರು, ತೀರಿಕೊಂಡಿದ್ದರು. ಗೋಡೆಯ ಒಂದು ಕಡೆ ಕಲ್ಲು ಬಿದ್ದು ಎದೆಯೆತ್ತರಕ್ಕೆ ಇಳಿದಿತ್ತು. ನಮ್ಮೆರಡು ಮನೆಗಳ ಕೊಡುವ ತರುವ ವ್ಯವಹಾರವೆಲ್ಲ ಅಲ್ಲಿಂದಲೇ. ನಾನು ಅಲ್ಲಿ ಹೋಗಿ ನಿಂತು ವಿಷಯ ಹೇಳಿದೆ. ಖಾಲಾ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ, ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಭಾರದ ಗಂಟು ತಂದು ಗೋಡೆಯ ಮೇಲಿಟ್ಟರು. ಗರಗಸ, ಉಳಿ, ಸುತ್ತಿಗೆ, ಮರ ಹೆರೆದು ನುಣುಪು ಮಾಡುವ ರಂದಾ.

"ತಗೋ ಬೇಟಿ. ಜಂಗು ಹಿಡಿಸಿಲ್ಲ ನಾ. ಪ್ರತಿ ಜುಮ್ಮಾಕ್ಕ ಎಣ್ಣಿ ಹಚ್ಚತೇನಿ."

"ಯಾರೂ ಬಳಸೂದಿಲ್ಲಲ್ರಿ ಖಾಲಾ, ಮತ್ತ ಯಾಕ ಎಣ್ಣಿ ಹಚ್ಚತೀರಿ?"

ಖಾಲಾ ನಕ್ಕರು. "ಕೈಗೆ ರೂಢಿ ಆಗ್ಯದ" ಎಂದಷ್ಟೇ ಹೇಳಿ ರಂದಾದ ಹಿಡಿಯನ್ನು ಸೆರಗಿನಿಂದ ಒರೆಸಿದರು. ಆ ಹಿಡಿ ಯಾರದೋ ಅಂಗೈಯ ಆಕಾರಕ್ಕೆ ಸವೆದಿತ್ತು.

ಕೆಲಸ ಶುರುವಾದ ಮೇಲೆಯೇ ಕಷ್ಟ ತಿಳಿದದ್ದು. ಹಲಗೆ ಬಿಚ್ಚಬೇಕಾದರೆ ಆ ತುದಿಯಲ್ಲಿ ಒಬ್ಬರು ಹಿಡಿಯಬೇಕು. ಅತ್ತೆಗೆ ಸೊಂಟ ನೋವು. ಕೂಲಿಯಾಳನ್ನು ಕರೆಯುವಷ್ಟು ದೊಡ್ಡ ಕೆಲಸವಲ್ಲ. ನನ್ನವರು ಒಂದು ತುದಿಯನ್ನು ಎತ್ತಿ ನಿಂತರು. ಅತ್ತೆ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದರು. ನಾನು ಅವರ ಹಿಂದೆ ನಿಂತಿದ್ದೆ. ಹಲಗೆ ಜಾರುವುದು ಮೂವರಿಗೂ ಕಾಣುತ್ತಿತ್ತು. ನಾನು ಓಡಿಹೋಗಿ ಇನ್ನೊಂದು ತುದಿ ಹಿಡಿದೆ.

"ಗಟ್ಟಿ ಹಿಡಿ," ಎಂದರು ನನ್ನವರು. ನನಗೇ ಹೇಳಿದರು. ಅತ್ತೆಯ ಮೂಲಕ ಅಲ್ಲ.

"ಹಿಡದೇನ್ರಿ," ಎಂದೆ.

ಅಷ್ಟೇ. ಅತ್ತೆ ನಮ್ಮನ್ನು ನೋಡಿದರು, ಆಮೇಲೆ ಮೊರದ ಕಡೆ ಮುಖ ತಿರುಗಿಸಿ ಜೋಳದಲ್ಲಿನ ಹರಳು ಹುಡುಕತೊಡಗಿದರು. ಆ ಸಂಜೆ ಮಾತ್ರ ರೊಟ್ಟಿ ಬಡಿಯುವಾಗ, "ಸೊಸಿ ಬಡಗತನ ಮಾಡೂದು ಯಾ ಊರಾಗ ಅದನೋ ನಾ ಕಾಣೆ" ಎಂದು ಒಲೆಗೆ ಹೇಳಿದರು.

ಆದರೂ ಮರುದಿನ ನನ್ನನ್ನು ಕೂಗಿ, "ಅಂವ ಒಬ್ಬವನ ಹಲಗಿ ಎತ್ತಾಕತ್ತಾನ, ನೋಡು ಹೋಗು" ಎಂದು ಕಳಿಸಿದವರೂ ಅವರೇ.

ನನಗೆ ಆ ಬೇಸಿಗೆ ನೆನಪಾದಾಗೆಲ್ಲ ಮೊದಲು ನೆನಪಾಗುವುದು ಬಣ್ಣ. ಬೂದಿ ಬಣ್ಣದ ಹಲಗೆಯ ಮೇಲೆ ರಂದಾ ಒಮ್ಮೆ ಜಾರಿದರೆ ಸಾಕು, ಅಡಿಯಿಂದ ಬೆಲ್ಲದ ಬಣ್ಣ ತೆರೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಮಳೆಯಲ್ಲಿ ನೆನೆದರೂ ಮರ ಒಳಗೊಳಗೆ ಹಾಗೆಯೇ ಇತ್ತು. ಸುರುಳಿ ಸುರುಳಿಯಾಗಿ ಹೆರೆದ ಮರ ನೆಲದ ಮೇಲೆ ಬಿದ್ದು, ಬೇವಿನ ಹೂವಿನ ಜೊತೆ ಕಲೆತು, ಗಾಳಿ ಬಂದಾಗ ಎರಡೂ ಕೂಡಿ ಹಿತ್ತಲ ಉದ್ದಕ್ಕೆ ಓಡುತ್ತಿದ್ದವು. ಸಾಗವಾನಿಗೆ ಒಂದು ವಾಸನೆಯಿದೆ, ಹಳೆಯ ಪೆಟ್ಟಿಗೆ ತೆರೆದಂತೆ. ಅದು ನನ್ನ ಕೂದಲಿಗೂ ಹತ್ತಿತ್ತು. ಅವರು ಹೆರೆಯುತ್ತಿದ್ದರು, ದಣಿದಾಗ ನಾನು ಉಸುಕಿನ ಕಾಗದದಿಂದ ಉಜ್ಜುತ್ತಿದ್ದೆ. ರಾಳ ಕರಗಿಸಿ ಮರದ ಪುಡಿ ಕಲಸಿ ಗೆದ್ದಲಿನ ತೂತುಗಳಿಗೆ ತುಂಬುತ್ತಿದ್ದೆ. ಅದು ನನಗೆ ಹೋಳಿಗೆಯ ಹೂರಣ ತುಂಬಿದ ಹಾಗೆಯೇ ಅನಿಸುತ್ತಿತ್ತು.

ಮೊದಲು ಕೆಲಸದ ಮಾತು. ಹಿಡಿ, ಬಿಡು, ಸರಿಸು, ಆ ಉಳಿ ಕೊಡು. ಆಮೇಲೆ ಕೆಲಸದ ನಡುನಡುವೆ ಬೇರೆ ಮಾತು ನುಸುಳಿತು. ಯಾವಾಗ ನುಸುಳಿತೆಂದು ಹೇಳಲಾರೆ.

"ಕಲ್ಯಾಣದಾಗ ಸಣ್ಣಾಕಿದ್ದಾಗ ಏನು ಆಡ್ತಿದ್ದಿ?" ಎಂದು ಕೇಳಿದರು ಒಂದು ದಿನ, ಹಲಗೆಯಿಂದ ಕಣ್ಣೆತ್ತದೆ.

"ಕೋಟೆ ಗ್ವಾಡಿ ಹತ್ತತಿದ್ದೆ ನೋಡ್ರಿ. ನಮ್ಮ ಅಪ್ಪ ಕೆಳಗ ನಿಂತು ಬೈತಿದ್ರು. ಬೈದಷ್ಟೂ ಮ್ಯಾಲ ಹತ್ತತಿದ್ದೆ."

"ಮ್ಯಾಲ ಹತ್ತಿ ಏನ್ ನೋಡ್ತಿದ್ದಿ?"

ನಾನು ಯೋಚಿಸಿದೆ. ಅದನ್ನು ನನಗೆ ಯಾರೂ ಕೇಳಿರಲಿಲ್ಲ. "ಏನಿಲ್ರಿ. ಹದ್ದಿನ ಬೆನ್ನು ಕಾಣತಿತ್ತು. ಕೆಳಗಿಂದ ಬರೀ ಹೊಟ್ಟಿ ಕಾಣತದಲ್ರಿ."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಬೆಳಕಿನಲ್ಲಿ. ಅವರ ಕಣ್ಣು ಕಪ್ಪಲ್ಲ, ಹುಣಸೆಬೀಜದ ಬಣ್ಣ ಎಂದು ನನಗೆ ಗೊತ್ತಾದದ್ದು ಆವತ್ತು.

ಇನ್ನೊಂದು ಮಧ್ಯಾಹ್ನ ಅವರು ತಮ್ಮ ಜ್ವರದ ಸುದ್ದಿ ಹೇಳಿದರು. "ಜ್ವರದಾಗ ನನಗೊಂದು ಕಾಣಾಕತ್ತಿತ್ತು. ಅಂಗಡ್ಯಾಗಿನ ಜ್ವಾಳದ ಚೀಲ ಎಲ್ಲಾ ಎದ್ದು ನಿಂತು, ಒಂದರ ಹಿಂದ ಒಂದು, ನಿರ್ಣಾ ಊರಿನ ದಾರಿ ಹಿಡದು ಹೊಂಟಾವ. ನಾ ಬಾಗಲದಾಗ ನಿಂತು ಒಂದೊಂದಕ್ಕೂ ಶರಣು ಮಾಡಾಕತ್ತೇನಿ. 'ಹೋಗಿ ಬರ್ರಿ, ಹೋಗಿ ಬರ್ರಿ' ಅಂತ. ಒಂದು ದಪ್ಪ ಚೀಲ ಹೊಳ್ಳಿ ನಿಂತು, 'ನಿಮ್ಮ ಮಾಲಕರಿಗೆ ಹೇಳ್ರಿ, ನಮಗ ಇಲ್ಲಿ ಸೆಕಿ ಭಾಳ' ಅಂತು."

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಹಿಡಿದರೂ ಅದು ಹೊರಗೆ ಬಂದೇ ಬಿಟ್ಟಿತು. ಅವರೂ ನಕ್ಕರು. ಜ್ವರ ಬಂದ ಮೇಲೆ ಮೊದಲ ಸಲ. ಗೋಡೆಯಾಚೆ ಖಾಲಾ ಕೂಡ, ಏನೂ ತಿಳಿಯದೆ, ನಮ್ಮ ನಗೆ ಕೇಳಿ ನಕ್ಕರು. ಆಗ ಬಾಗಿಲಲ್ಲಿ ಜೋಳ ಕೇರುವ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಅತ್ತೆ ಮೊರವನ್ನು ನೆಲಕ್ಕಿಟ್ಟು ಎದ್ದು ಒಳಗೆ ಹೋಗುತ್ತಿದ್ದರು.

ಆ ದಿನವೆಲ್ಲ ಅವರು ಹೊರಗೆ ಬರಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮಿತಿ ಮೀರಿದೆವು, ಇನ್ನು ನಾಳೆಯಿಂದ ತಖ್ತದ ಹತ್ತಿರ ಹೋಗುವಂತಿಲ್ಲ ಎಂದುಕೊಂಡೆ. ಕೆಲಸವೂ ಅಲ್ಲಿಗೇ ನಿಂತಿತ್ತು. ಸೀಳಿದ್ದ ಒಂದನ್ನು ಬಿಟ್ಟರೆ ಹಲಗೆಗಳೇನೋ ಸಿದ್ಧವಾಗಿದ್ದವು, ಆದರೆ ಆ ಗೆದ್ದಲು ತಿಂದ ಕಾಲಿಗೆ ಬದಲಿ ಮರ ಎಲ್ಲೂ ಸಿಕ್ಕಿರಲಿಲ್ಲ. ಮಾವನವರ ಕುರ್ಚಿಯನ್ನೂ ಸರಿಪಡಿಸೋಣವೆಂದು ನನ್ನವರು ಹಿಂದೊಮ್ಮೆ ಅದರ ಹತ್ತಿರ ಹೋದಾಗ ಅತ್ತೆ, "ಅದನ್ನ ಮುಟ್ಟಬ್ಯಾಡ" ಎಂದು ಗದರಿಸಿದ್ದರು. ಗಂಡನ ನೆನಪಿಗೆ ಹಾಗೆ ಇಟ್ಟಿದ್ದಾರೆ ಎಂದು ನಾವಿಬ್ಬರೂ ತಿಳಿದಿದ್ದೆವು.

ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಹಿತ್ತಲಿನಿಂದ ಎಳೆಯುವ ಸಪ್ಪಳ ಬಂತು. ಹೋಗಿ ನೋಡಿದರೆ ಅತ್ತೆ, ಸೊಂಟ ಹಿಡಿದುಕೊಂಡು, ಆ ಕುರ್ಚಿಯನ್ನು ಗೋಡೆಯಿಂದ ಬೇವಿನ ಕೆಳಕ್ಕೆ ಎಳೆದು ತರುತ್ತಿದ್ದರು. ನನ್ನವರು ಗಾಬರಿಯಿಂದ ಎದ್ದು ಬಂದರು.

"ಇದನ್ನ ಬಿಚ್ಚಿ ತಖ್ತಕ್ಕ ಕಾಲು ಮಾಡ್ರಿ," ಎಂದರು ಅತ್ತೆ.

"ಅಪ್ಪನ ಕುರ್ಚಿ ಅವ್ವಾ ಅದು!"

"ಯಾರ ಕುರ್ಚಿ ಅಂತ ನನಗ ಹೇಳ್ತಿ ಏನು?" ಅವರು ತಖ್ತದ ಚೌಕಟ್ಟಿನ ಮೇಲೆ ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮಪ್ಪ ಭಾಳ ಛಲೋ ಮನಷ್ಯಾ. ಒಂದು ದಿನ ಕೈ ಎತ್ತಲಿಲ್ಲ, ಬೈಲಿಲ್ಲ. ಮುಂದಿನ ಪಡಸಾಲ್ಯಾಗ ಇದರಾಗ ಕುಂತು ಓಣಿ ಮಂದಿ ಕೂಡ ಎಲ್ಲಾ ಮಾತಾಡ್ತಿದ್ರು. ನಾ ಇಲ್ಲಿ ಈ ತಖ್ತದ ಮ್ಯಾಲ ಕುಂತು ಕೇಳ್ತಿದ್ದೆ. ಮಳಿ ಸುದ್ದಿ, ಪ್ಯಾಟಿ ಸುದ್ದಿ, ಯಾರ ಮನ್ಯಾಗ ಲಗ್ನ, ಎಲ್ಲಾ ನನಗ ಗ್ವಾಡಿ ಆಚೆಯಿಂದ ಗೊತ್ತಾಗೂದು. ನನ್ನ ಕೂಡ ಮಾತಾಡಬೇಕಂತ ಅವರಿಗೂ ಅನಿಸಿರಬೇಕು. ಯಾಂವ ಬಲ್ಲ? ಕಡೀ ದಿನ ಕೈಸನ್ನಿ ಮಾಡಿ ಕರದ್ರು. ಹತ್ತರ ಹೋಗಿ ಕುಂತೆ. ಬಾಯಿ ತೆರದ್ರು. ದನಿ ಬರ್ಲಿಲ್ಲ."

ಬೇವಿನಲ್ಲಿ ಅಳಿಲೊಂದು ಕೂಗುತ್ತಿತ್ತು.

"ಏನು ಹೇಳಾಕತ್ತಿದ್ರೋ ಏನೋ. ಆಮ್ಯಾಲ ಈ ಕುರ್ಚಿ ಕಂಡ್ರ ಸಾಕು, ನನಗ ಸಿಟ್ಟು ಬರ್ತಿತ್ತು. ಒಲಿಗೆ ಹಾಕಾಕೂ ಮನಸಾಗ್ಲಿಲ್ಲ. ಅದಕ್ಕ ಮಳ್ಯಾಗ ತಂದು ಇಟ್ಟೆ." ನನ್ನ ಕಡೆ ತಿರುಗಿದರು. "ನಿನ್ನಿ ನಿಮ್ಮ ನಗಿ ಕೇಳಿ ಒಳಗ ಹೋದೆ. ಸಿಟ್ಟು ಬಂದು ಅಲ್ಲವ್ವಾ ತಂಗಿ. ನಾವೂ ಹಿಂಗ ನಗಬೇಕಾಗಿತ್ತಲ್ಲಾ ಅನಿಸ್ತು."

ನಾನು ಅವರ ಕಾಲ ಹತ್ತಿರ ಕುಳಿತೆ. ಅವರು ನನ್ನ ತಲೆಯ ಮೇಲಿನ ಮರದ ಸುರುಳಿಯೊಂದನ್ನು ತೆಗೆದು ಗಾಳಿಗೆ ಬಿಟ್ಟರು.

ಕುರ್ಚಿ ಬಿಚ್ಚುವಾಗ ಅತ್ತೆ ಎದ್ದು ಹೋಗಲಿಲ್ಲ. ಅದರ ಹಿಂದಿನ ಎರಡು ಕಂಬಗಳು ನೆಲದಿಂದ ತಲೆಯ ತನಕ ಒಂದೇ ತುಂಡು. ಹೊರಗೆಲ್ಲ ಕೊಳೆತಂತೆ ಕಂಡರೂ ಒಳಗೆ ಗಟ್ಟಿ ಸಾಗವಾನಿ. ನನ್ನವರು ಅವೆರಡನ್ನೂ ಅಳತೆಗೆ ಕೊಯ್ದು, ಜೋಡಿಸಿ, ಮರದ ಮೊಳೆ ಹೊಡೆದು ಒಂದು ದಪ್ಪ ಕಾಲು ಮಾಡಿದರು. ಮೊದಲ ಸಲ ಗಿಡ್ಡವಾಯಿತು. ಅಡಿಗೆ ತುಂಡು ಹಚ್ಚಬೇಕಾಯಿತು. ಕುರ್ಚಿಯ ಅಗಲವಾದ ಎರಡು ಕೈಗಳು ಕೂಡಿ ಸೀಳಿದ ಹಲಗೆಯ ಜಾಗಕ್ಕೆ ಹೋದವು. ಆ ಕೈಗಳನ್ನು ಉಜ್ಜುವ ಕೆಲಸವನ್ನು ಅತ್ತೆ ನನಗೆ ಕೊಡಲಿಲ್ಲ. ತಾವೇ ಉಸುಕಿನ ಕಾಗದ ತೆಗೆದುಕೊಂಡು, ತೊಡೆಯ ಮೇಲೆ ಇಟ್ಟುಕೊಂಡು, ಸಣ್ಣ ಮಗುವಿನ ಬೆನ್ನು ತಿಕ್ಕಿದ ಹಾಗೆ ಉಜ್ಜಿದರು. ತುಟಿ ಅಲುಗುತ್ತಿತ್ತು. ಏನು ಹೇಳಿದರೋ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಡೆಗೆ ಗಾಣದಿಂದ ಅಗಸೆ ಎಣ್ಣೆ ತಂದು ಬಟ್ಟೆಯಲ್ಲಿ ಅದ್ದಿ ಬಳಿದೆವು. ಮರ ಅದನ್ನು ಕುಡಿದದ್ದೇ ಕುಡಿದದ್ದು. ಬಳಿದದ್ದು ಒಣಗಲು ಬಿಟ್ಟು ಮತ್ತೆ ಬಳಿದೆವು. ಇಡೀ ಹಿತ್ತಲು ಎಣ್ಣೆಯ ಹಸಿ ವಾಸನೆಯಲ್ಲಿ ತೇಲುತ್ತಿತ್ತು. ಸಂಜೆಯ ಬೆಳಕು ಬಿದ್ದಾಗ ತಖ್ತ ಮರದ್ದೆನಿಸುತ್ತಿರಲಿಲ್ಲ. ಯಾರೋ ಜೇನುತುಪ್ಪವನ್ನು ಹರವಿಟ್ಟಂತಿತ್ತು. ಕುರ್ಚಿಯಿಂದ ಬಂದ ಹಲಗೆ ಮಾತ್ರ ಉಳಿದವಕ್ಕಿಂತ ಒಂದು ಛಾಯೆ ಕಪ್ಪು. ಎಷ್ಟು ಎಣ್ಣೆ ಹಚ್ಚಿದರೂ ಒಂದಾಗಲಿಲ್ಲ.

ಒಣಗಿದ ದಿನ ಅದರ ಮೇಲೆ ಮೊದಲು ಕೂರುವುದು ಯಾರೆಂದು ನಾವು ಹಿಂದೆ ಮುಂದೆ ನೋಡುತ್ತಿದ್ದಾಗ ಅತ್ತೆ ಬಂದು ಉದ್ದಕ್ಕೆ ಮಲಗಿಯೇ ಬಿಟ್ಟರು. ತಖ್ತ ವಾಲಲಿಲ್ಲ. ನಮ್ಮಿಬ್ಬರಿಗೂ ಕೈ ಮಾಡಿ, "ಕುಂದ್ರಿ" ಎಂದರು. ನಾವು ಕಾಲಿನ ಕಡೆ, ಆ ತುದಿಗೊಬ್ಬರು ಈ ತುದಿಗೊಬ್ಬರು, ಕುಳಿತೆವು.

ಅತ್ತೆ ಕಣ್ಣು ಮುಚ್ಚಿಕೊಂಡೇ, "ಮಾತಾಡ್ರಿ" ಎಂದರು. "ನಾ ಕೇಳಾಕತ್ತೇನಿ."

"ಏನ್ ಮಾತಾಡೂದು ಅವ್ವಾ?"

"ಏನರೆ. ನಾಳಿ ಯಾವ ಪಲ್ಯಾ ಅಂತ ಕೇಳು."

"ನಾಳಿ ಯಾವ ಪಲ್ಯಾ?" ಎಂದು ನನ್ನವರು ನನ್ನನ್ನು ಕೇಳಿದರು.

"ಪುಂಡಿಪಲ್ಯಾರಿ," ಎಂದೆ.

ಹಾಗೆ ಶುರುವಾಯಿತು. ಬೇವಿನ ಹಣ್ಣು ಉದುರುವ ತನಕ, ಮಳೆ ಬರುವ ತನಕ, ಪ್ರತಿ ಸಂಜೆ. ಬರಬರುತ್ತ ಖಾಲಾ ಕೂಡ ಗೋಡೆಯ ತಗ್ಗಿನಿಂದ ಕಾಲು ಹಾಕಿ ದಾಟಿ ಬಂದು ಮಧ್ಯಾಹ್ನ ಅತ್ತೆಯ ಜೊತೆ ಕೂರತೊಡಗಿದರು. ಅವರಿಬ್ಬರು ಒಂದು ತಟ್ಟೆ ಬೆಳ್ಳುಳ್ಳಿ ಸುಲಿಯಲು ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ಹೌದ್ರಿ, ಹೌದ್ರಿ" ಎನ್ನುವುದು ನನ್ನ ಅರ್ಧನಿದ್ದೆಯಲ್ಲಿ ದೂರದ ರಾಟೆಯ ಸಪ್ಪಳದ ಹಾಗೆ ಕೇಳುತ್ತಿತ್ತು.

ನನ್ನವರ ತಲೆಯಲ್ಲಿ ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಕೆಲಸಕ್ಕೆ ಹೋದರು. ಆದರೆ ಹಗಲಿನ ಮಾತು ನಿಲ್ಲಲಿಲ್ಲ. ಹಳ್ಳಿಖೇಡದಿಂದ ಬಂದ ಸಂಬಂಧಿಕರೊಬ್ಬರು ನಮ್ಮನ್ನು ನೋಡಿ, "ಇದೇನ್ರಿ, ಹಿರೀರ ಮುಂದ ಹಿಂಗ ಮಾತಾಡ್ತಾರ? ನೀವು ಏನೂ ಅನ್ನೂದಿಲ್ಲೇನು?" ಎಂದು ಅತ್ತೆಯನ್ನು ಕೇಳಿದರು.

"ಅಂತೇನ್ರಿ," ಎಂದರು ಅತ್ತೆ. "ಸಣ್ಣ ದನೀಲೆ ಮಾತಾಡಿದ್ರ ನನಗ ಕೇಳಸೂದಿಲ್ಲ, ದೊಡ್ಡದಾಗಿ ಮಾತಾಡ್ರಿ ಅಂತೇನಿ."

ಕೆಲವು ವರ್ಷಗಳ ನಂತರ, ಯುದ್ಧದ ಕಾಲದಲ್ಲಿ, ನನ್ನವರಿಗೆ ಕಲ್ಯಾಣದಲ್ಲಿ ಕೆಲಸ ಸಿಕ್ಕು ನಾವು ಹುಮನಾಬಾದು ಬಿಟ್ಟೆವು. ಆಗ ನನ್ನ ಮಡಿಲಲ್ಲಿ ಹೆಣ್ಣುಮಗುವಿತ್ತು. ಬಾಡಿಗೆ ಚಕ್ಕಡಿಗೆ ಸಾಮಾನು ಹೇರುವಾಗ ತಖ್ತವನ್ನು ಮೇಲೆ ಇಟ್ಟು ಹಗ್ಗ ಬಿಗಿದರು. ಅತ್ತೆ ನಡೆಯಲಾರರು, ಅವರನ್ನು ಎತ್ತಿ ಅದರ ಮೇಲೆಯೇ ಕೂರಿಸಿದೆವು. ಪಕ್ಕದಲ್ಲಿ ನಾನು, ಮಗು. ಖಾಲಾ ಊರ ಹೊರಗಿನ ತನಕ ಚಕ್ಕಡಿಯ ಹಿಂದೆ ನಡೆದು ಬಂದರು. ಮಗುವಿನ ಕೈಗೆ ಒಂದು ಖರ್ಜೂರ ಕೊಟ್ಟು, ಗಾಲಿಯ ಧೂಳಿನಲ್ಲಿ ನಿಂತುಕೊಂಡರು.

ಆ ಪ್ರಯಾಣ ನನ್ನ ಬದುಕಿನ ಅತಿ ಉದ್ದದ, ಅತಿ ಮೆಲ್ಲನೆಯ ದಿನ. ಎರಡೂ ಕಡೆ ತೆನೆ ಬಿಟ್ಟ ಜೋಳ. ಮಂಜು ಇನ್ನೂ ಎದ್ದಿರಲಿಲ್ಲ. ತೆನೆಗಳ ತಲೆ ಮಾತ್ರ ಕಾಣುತ್ತಿತ್ತು. ಚಕ್ಕಡಿಯ ಮೇಲೆ ತಖ್ತ, ತಖ್ತದ ಮೇಲೆ ನಾವು. ನೆಲದಿಂದ ಅಷ್ಟು ಎತ್ತರದಲ್ಲಿ, ಬಿಳಿಯ ನೀರಿನ ಮೇಲೆ ತೇಲಿದಂತೆ ಹೋಗುತ್ತಿದ್ದೆವು. ನನ್ನವರು ಎತ್ತುಗಳ ಪಕ್ಕ ನಡೆಯುತ್ತ ಮೇಲೆ ನೋಡಿ ಏನಾದರೊಂದು ಹೇಳುತ್ತಿದ್ದರು. ಒಂದು ಹೊಲದಲ್ಲಿ ಬೆಂಕಿ ಮಾಡಿ ಹಸಿ ತೆನೆ ಸುಡುತ್ತಿದ್ದರು. ಅತ್ತೆ ಚಕ್ಕಡಿ ನಿಲ್ಲಿಸಿ, "ಎಪ್ಪಾ, ಒಂದೀಟು ಸೀತನಿ ಕೊಡ್ರಿ, ನಾವು ದೂರದ ಮಂದಿ" ಎಂದರು. ಹೊಲದವರು ಬೊಗಸೆ ತುಂಬ ಬಿಸಿ ಕಾಳು ತಂದುಕೊಟ್ಟರು. ಹಲ್ಲಿಲ್ಲದ ಬಾಯಲ್ಲಿ ಅತ್ತೆ ಅದನ್ನು ಬಹಳ ಹೊತ್ತು ನುರಿಸುತ್ತ, ಮಗುವಿಗೆ ಸುತ್ತಲಿನದನ್ನೆಲ್ಲ ತೋರಿಸುತ್ತ ಬಂದರು. ಅದು ಕೊಕ್ಕರೆ, ಅದು ಬಾವಿ, ಅದು ಯಾರದೋ ಹೊಲ. ಇಷ್ಟು ವರ್ಷ ಗೋಡೆಯಾಚೆಯದನ್ನು ಬರೀ ಕೇಳಿದ್ದವರು ಸುಮ್ಮನಾಗಲೇ ಇಲ್ಲ.

ಕಲ್ಯಾಣ ತಲುಪಿದಾಗ ಹೊತ್ತು ಮುಳುಗುವುದರಲ್ಲಿತ್ತು. ನಮ್ಮ ಹೊಸ ಮನೆಯ ಮುಂದೆ ಚಕ್ಕಡಿ ನಿಂತಿತು. ನನ್ನವರು ಅತ್ತೆಯನ್ನು ಇಳಿಸಲು ಕೈ ಚಾಚಿದರು.

"ಇಷ್ಟ ಲಗು ಬಂತೇನು?" ಎಂದರು ಅತ್ತೆ. ಇಳಿಯಲಿಲ್ಲ. ಚಕ್ಕಡಿಯವನ ಕಡೆ ತಿರುಗಿ, "ಈ ಊರಾಗ ದೊಡ್ಡ ಕೆರಿ ಅದ ಅಂತಾರಲ್ಲ, ಎಲ್ಲದ?" ಎಂದು ಕೇಳಿದರು.

"ತ್ರಿಪುರಾಂತದ ಕೆರಿ ಏನ್ರಿ ಯವ್ವಾ? ಆ ಕಡೆ ಅದ. ಎತ್ತು ದಣದಾವ್ರಿ."

"ಎತ್ತಿಗೂ ನೀರು ಕುಡಸಬೇಕಲ್ಲಪಾ. ನಡಿ, ನೋಡ್ಕೊಂಡ್ ಬರೂಣು."

ನನ್ನವರು ನನ್ನನ್ನು ನೋಡಿದರು. ನಾನು, "ಹೋಗೂಣ್ರಿ" ಎಂದೆ. ಚಕ್ಕಡಿಯವನು ಗೊಣಗುತ್ತ ಎತ್ತುಗಳನ್ನು ತಿರುಗಿಸಿದ. ಸಾಮಾನು, ತಖ್ತ, ನಿದ್ದೆಹೋದ ಮಗು, ನಾವು ಎಲ್ಲರೂ ಮನೆಯ ಬಾಗಿಲಿನಿಂದಲೇ ಹೊರಳಿ ಕೆರೆಯ ಕಡೆ ಹೋದೆವು. ನೀರು ಕೆಂಪಾಗಿತ್ತು. ಎತ್ತುಗಳು ಮೊಣಕಾಲ ತನಕ ಇಳಿದು ಕುಡಿಯುತ್ತಿದ್ದಾಗ ಅತ್ತೆ ತಖ್ತದ ಮೇಲೆ ನೆಟ್ಟಗೆ ಕುಳಿತು, ಕಾಣುವಷ್ಟು ದೂರವೂ ನೋಡಿದರು.